ಒಂದು ಕುರ್ಚಿ, ಇಬ್ಬರು, ಮತ್ತು ಫ್ರೀ ಟಿಕೆಟು

ಆಫೀಸಿನ ಹೊತ್ತಿನಲ್ಲಿ ಸಿನಿಮಾದ ಮಾತು ಆಡಕೂಡದು. ಇದು ನಮ್ಮ ಶಾಖೆಯ ನಿಯಮ. ಮಾಡಿದವನು ನಾನು, ಮ್ಯಾನೇಜರ್. ಇಂಗ್ಲಿಷ್, ಕನ್ನಡ, ಮಲಯಾಳ ಮೂರರಲ್ಲೂ ಟೈಪ್ ಮಾಡಿಸಿ ಗೋಡೆಗೆ ಅಂಟಿಸಿದ್ದೆ. ಹಾಗಾಗಿ ಮೂರು ಭಾಷೆಯವರೂ ಸಮನಾಗಿ ಮುರಿದರು. ಕಾಸರಗೋಡಿನಲ್ಲಿ ಇನ್ಶೂರೆನ್ಸ್ ಕಂಪೆನಿಯ ಶಾಖೆ ನಡೆಸುವವನಿಗೆ ಇಂಥವು ಆಗುತ್ತಲೇ ಇರುತ್ತವೆ.

ಎಲ್ಲಕ್ಕೂ ಕಾರಣ ನಮ್ಮ ಮೇಲಿನ ಆಫೀಸು. ನೌಕರರಲ್ಲಿ ಮಹತ್ವಾಕಾಂಕ್ಷೆ ಬೆಳೆಯಲಿ ಎಂದು ಒಂದು ಹಿಂದಿ ಸಿನಿಮಾಕ್ಕೆ ಎಲ್ಲರಿಗೂ ಫ್ರೀ ಟಿಕೆಟ್ ಕಳಿಸಿದರು. ಭಾನುವಾರ ರೈಲು ಹತ್ತಿ ಮಂಗಳೂರಿಗೆ ಹೋಗಿ ನೋಡಿ ಬಂದೆವು. ದೊಡ್ಡ ಕಂಪೆನಿಯ ಒಂದೇ ಕುರ್ಚಿಗಾಗಿ ಹುಡುಗ ಹುಡುಗಿ ಪೈಪೋಟಿ ಮಾಡುತ್ತಾರೆ, ಜಗಳಾಡುತ್ತಾರೆ, ಪ್ರೀತಿಸುತ್ತಾರೆ. ಕೊನೆಗೆ ಹುಡುಗಿ ಅವನಿಗೆ ಕುರ್ಚಿ ಬಿಟ್ಟುಕೊಟ್ಟು ವಿಮಾನ ನಿಲ್ದಾಣಕ್ಕೆ ಹೊರಡುತ್ತಾಳೆ.

ನಮ್ಮಲ್ಲಿಯೂ ಆಗ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆ ಖಾಲಿ. ಅರ್ಜಿ ಹಾಕಿದವರು ಇಬ್ಬರು: ಕ್ಲೇಮ್ ನೋಡುವ ಮಧೂರಿನ ಹುಡುಗಿ, ಪಾಲಿಸಿ ಮಾರುವ ಹುಡುಗ. ಸಾಲದ್ದಕ್ಕೆ ಅವರಿಬ್ಬರಿಗೇ ಮನೆಯವರು ನಿಶ್ಚಿತಾರ್ಥ ಮಾಡಿ ಆಗಿತ್ತು. ಇನ್ನು ಗೋಡೆಯ ಕಾಗದ ಯಾರು ಓದುತ್ತಾರೆ?

೧. ವಿಮಾನ

ಸೋಮವಾರ ನಾಯ್ಮಾರ್ಮೂಲೆಯ ಟೈಲ್ಸ್ ಅಂಗಡಿಯ ಹಾಜಿಯವರು ಪ್ರೀಮಿಯಂ ಕಟ್ಟಲು ಬಂದರು. ನಮ್ಮ ಅಟೆಂಡರ್ ಅವರಿಗೆ ಕಥೆ ಹೇಳುತ್ತ ನಿಂತ. ಕೌಂಟರಿನಲ್ಲಿ ಅವರ ಸರದಿ ಬಂದು ಹೋಯಿತು.

“ಹಾಜಿಯವರೇ, ನಿಮ್ಮದೇ ಸರದಿ,” ಎಂದೆ ಹೊರಗೆ ಬಂದು.

“ಒಂದು ನಿಮಿಷ ಸಾರ್. ಹುಡುಗಿ ವಿಮಾನ ಹತ್ತಿದಳಾ ಇಲ್ವಾ, ಅದು ಗೊತ್ತಾಗದೆ ಎಂತ ಪ್ರೀಮಿಯಂ?”

“ಹತ್ತಿದಳು, ದುಬೈಗೆ ಹೋದಳು,” ಎಂದ ಅಟೆಂಡರ್. ಅವನು ಸಿನಿಮಾದ ಕೊನೆಯ ಭಾಗದಲ್ಲಿ ಗೊರಕೆ ಹೊಡೆದದ್ದು ನಾನೇ ಕೇಳಿದ್ದೆ.

ತಪ್ಪು ಮಾಹಿತಿ ನನಗೆ ಆಗದು. “ಹತ್ತಲಿಲ್ಲ. ಗೇಟಿನಿಂದಲೇ ವಾಪಸು ಬಂದಳು,” ಎಂದೆ.

ಇಡೀ ಆಫೀಸು ಒಮ್ಮೆ ನನ್ನನ್ನು ನೋಡಿತು, ಒಮ್ಮೆ ಗೋಡೆಯನ್ನು ನೋಡಿತು.

೨. ಫ್ಯಾನು

ಸಿನಿಮಾದ ನಾಯಕ ಒಂದು ದಿನ ಬಾಗಿಲು ತಟ್ಟದೆ ಬಾಸ್‌ನ ಕೋಣೆಗೆ ನುಗ್ಗಿ “ನಿಮ್ಮ ಕುರ್ಚಿ ನನಗೆ ಬೇಕು” ಎನ್ನುತ್ತಾನೆ. ಬಾಸ್ ಮೆಚ್ಚಿ ಬೆನ್ನು ತಟ್ಟುತ್ತಾನೆ.

ನಮ್ಮ ಹಿರಿಯ ಗುಮಾಸ್ತರು ನಿವೃತ್ತಿಗೆ ಹತ್ತಿರ ಇದ್ದವರು. ಜೀವಮಾನದಲ್ಲಿ ಜೋರಾಗಿ ಕೆಮ್ಮಿದವರಲ್ಲ. ಅವರು ಬಾಗಿಲು ತಳ್ಳಿ ಒಳಗೆ ಬಂದು ಎದೆ ಸೆಟೆದು ನಿಂತರು.

“ಎಂತ?” ಎಂದೆ, ತಲೆ ಎತ್ತದೆ.

“ನಿಮ್ಮ ಕುರ್ಚಿ ಬೇಕು ಸಾರ್.”

ಈಗ ತಲೆ ಎತ್ತಿದೆ. “ಯಾಕೆ?”

ಅವರು ಮೇಲೆ ನೋಡಿದರು, ಕೆಳಗೆ ನೋಡಿದರು. “ಫ್ಯಾನಿನ ಧೂಳು ಒರೆಸುವಾ ಅಂತ.”

ಎದ್ದು ಕೊಟ್ಟೆ. ಮೂರೂ ರೆಕ್ಕೆ ಒರೆಸಿಯೇ ಇಳಿದರು.

೩. ಅತ್ತೆ

ಇಂಟರ್ವ್ಯೂ ಹತ್ತಿರ ಬಂದಂತೆ ಹುಡುಗನ ತಾಯಿಯೇ ಬಂದರು. ಕುಳಿತವರೇ ವಿಷಯಕ್ಕೆ ಬಂದರು.

“ಆ ಪಿಚ್ಚರಿನಲ್ಲಿ ಹುಡುಗಿ ಬಿಟ್ಟುಕೊಡ್ತಾಳಂತೆ ಅಲ್ವಾ? ಮಗ ಹೇಳಿದ. ನಮ್ಮ ಸೊಸೆಗೂ ನೀವೊಂದು ಮಾತು ಹೇಳಿ. ಹೆಂಡತಿ ಮೇಲೆ, ಗಂಡ ಕೆಳಗೆ, ನೋಡಲಿಕ್ಕೆ ಚಂದ ಉಂಟಾ?”

“ಅಮ್ಮಾ, ಈ ಆಫೀಸಿನಲ್ಲಿ ಸಿನಿಮಾದ ಮಾತು ಆಡುವ ಹಾಗಿಲ್ಲ.”

“ಅದು ಇಲ್ಲಿ ಸಂಬಳ ತೆಗೆದುಕೊಳ್ಳುವವರಿಗೆ ನಿಯಮ. ನನಗೆ ಯಾರು ಸಂಬಳ ಕೊಡ್ತಾರೆ? ನೀವು ಅವಳಿಗೆ ಹೇಳಿ.”

೪. ಇಂಟರ್ವ್ಯೂ

ಆ ದಿನ ಮೇಲಿನ ಅಧಿಕಾರಿ ನನ್ನ ಕೋಣೆಯಲ್ಲಿ ಕೂತಿದ್ದರು. ನಾವೆಲ್ಲ ಹೊರಗೆ. ಕ್ಯಾಶಿಯರಮ್ಮ ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಎಲ್ಲರ ಕಣ್ಣು ಹುಡುಗಿಯ ಮೇಲೆ: ಈಗ ಬಿಟ್ಟುಕೊಡ್ತಾಳೆ, ಇನ್ನೇನು ಬಿಟ್ಟುಕೊಡ್ತಾಳೆ. ಅವಳು ಅಷ್ಟು ದಿನವೂ ಆ ಸಿನಿಮಾದ ಬಗ್ಗೆ ತುಟಿ ಎರಡು ಮಾಡಿದವಳಲ್ಲ.

ಅಷ್ಟರಲ್ಲಿ ಹುಡುಗನೇ ಗುಲಾಬಿಯ ಗೊಂಚಲು ಹಿಡಿದು ಆಫೀಸಿನ ನಡುವೆ ಬಂದು ನಿಂತ.

“ನಾನು ಇಂಟರ್ವ್ಯೂಗೆ ಹೋಗುವುದಿಲ್ಲ. ಕುರ್ಚಿ ನಿನಗೆ ಬಿಟ್ಟೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಶಿಯರಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

“ಯಾಕೆ?” ಎಂದಳು ಹುಡುಗಿ.

“ಪ್ರೀತಿಯಿಂದ.”

“ಪ್ರೀತಿ ಇರಲಿ. ಓದಿಕೊಂಡು ಬಂದಿದ್ದೀರಾ?”

ಹುಡುಗ ಗುಲಾಬಿಯನ್ನು ನೋಡಿದ. “ಇಲ್ಲ.”

“ಹಾಗೆ ಹೇಳಿ ಮಾರಾಯ್ರೆ!” ಎಂದು ಗುಲಾಬಿ ಕಿತ್ತುಕೊಂಡು ಅಟೆಂಡರ್ ಕೈಗೆ ಕೊಟ್ಟಳು. “ನೀರಿನಲ್ಲಿಡಿ. ಗೆದ್ದವರಿಗೆ ಕೊಡುವಾ.” ಮತ್ತೆ ಅವನ ಕಡೆ ತಿರುಗಿದಳು. “ಬಿಟ್ಟುಕೊಟ್ಟ ಕುರ್ಚಿ ನನಗೆ ಬೇಡ. ನಾಳೆ ಅದರಲ್ಲಿ ಕೂತರೆ ‘ನನ್ನ ಮಗ ಕೊಟ್ಟದ್ದು’ ಅಂತ ನಿಮ್ಮ ಅಮ್ಮ ಜನ್ಮವಿಡೀ ಹೇಳ್ತಾರೆ. ನೀವು ಒಳಗೆ ಹೋಗಿ ಸರಿಯಾಗಿ ಸೋಲಬೇಕು.”

“ಅಕಸ್ಮಾತ್ ಗೆದ್ದರೆ?”

“ಗೆಲ್ಲಿ. ನಾನು ಬಿಟ್ಟರೆ ತಾನೆ!”

“ಸೋತರೆ ಅಮ್ಮನಿಗೆ ಎಂತ ಹೇಳಲಿ?”

“ಪ್ರಶ್ನೆ ಕಷ್ಟ ಇತ್ತು ಅಂತ ಹೇಳಿ.”

ಒಳಗಿನಿಂದ ಅವನ ಹೆಸರು ಕರೆದರು. ಅವನು ಕದಲಲಿಲ್ಲ. ಅವಳು ಅವನ ಟೈ ನೇರ ಮಾಡಿ, ಬಾಗಿಲು ತೆರೆದು, ಬೆನ್ನಿಗೆ ಎರಡೂ ಕೈ ಕೊಟ್ಟು ಒಳಗೆ ತಳ್ಳಿದಳು. ಬಾಗಿಲು ಎಳೆದುಕೊಂಡಳು. ಒಳಗಿನಿಂದ “ಗುಡ್ ಮಾರ್ನಿಂಗ್ ಸಾರ್” ಕೇಳುವ ತನಕ ಹಿಡಿಕೆ ಬಿಡಲಿಲ್ಲ.