ಭಟ್ಟರ ಮನೆಯ ಪಾಸಿಟಿವ್‌ಗಳು

ರಕ್ತ ಒಂದು ಹೇಳಿದರೆ ಜನ ಇನ್ನೊಂದು ಕೇಳಿಸಿಕೊಳ್ಳುತ್ತಾರೆ. ಕಲ್ಕತ್ತೆಯ ಬಾಲಿಗಂಜ್‌ನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಡಾಕ್ಟರಾಗಿ ಕೂತ ನನಗೆ ಇದು ದಿನದ ಊಟ. ಪಕ್ಕದ ಬೀದಿಯ ಉಡುಪಿ ಹೋಟೆಲಿನ ಮಾಲೀಕ ಭಟ್ಟರು ಬಂದರಂತೂ ಹಬ್ಬದೂಟ.

೧. ಮೊದಲು ಮೆರವಣಿಗೆ

ಜ್ವರ ಬಂದ ಮರುದಿನವೇ ಭಟ್ಟರು ಡೆಂಗಿ ಪರೀಕ್ಷೆಗೆ ಬಂದರು. ನೆಗೆಟಿವ್. "ಇಷ್ಟು ಬೇಗ ತಿಳಿಯದು, ಮತ್ತೆ ಬನ್ನಿ" ಎಂದೆ. ಕೇಳಿದರೆ ತಾನೆ? ಕೇರಿಯವರಿಗೆಲ್ಲ ಕಾಫಿ ಕುಡಿಸಿ ಸಂಭ್ರಮಿಸಿದರು. ಮುಂದಿನ ವಾರ ಪಾಸಿಟಿವ್ ಬಂದಾಗ ನನ್ನ ಮೇಲೆ ಹರಿಹಾಯ್ದರು.

"ಮೊನ್ನೆ ಎಲ್ಲಿ ಹೋಗಿತ್ತು ಡಾಕ್ಟ್ರಮ್ಮ ಇದು?"

"ರೋಗ ಅವತ್ತೂ ಇತ್ತು. ನಾವು ಹುಡುಕುವುದು ಅದರ ವಿರುದ್ಧ ದೇಹದಲ್ಲಿ ಮೊದಲು ಹುಟ್ಟುವ ಐಜಿಎಂ ಎಂಬ ಪ್ರತಿಕಾಯವನ್ನು. ಅದಕ್ಕೆ ನಾಲ್ಕಾರು ದಿನ ಬೇಕು."

ಭಟ್ಟರು ನಿಟ್ಟುಸಿರಿಟ್ಟರು. "ಕಲ್ಕತ್ತೆಯ ನೀರು ಕುಡಿದ ದೇಹ ಅಲ್ವಾ! ಮೊದಲು ಮೀಟಿಂಗ್, ಮೆರವಣಿಗೆ. ಆಮೇಲೆ ಕೆಲಸ."

೨. ಪರ್ಮನೆಂಟ್

ಜ್ವರ ಬಿಟ್ಟು ತಿಂಗಳುಗಳಾದರೂ ಭಟ್ಟರು ಗಂಜಿ ಬಿಡಲಿಲ್ಲ. ರಿಪೋರ್ಟಿನಲ್ಲಿ ಐಜಿಜಿ ಎಂಬುದೊಂದು ಇನ್ನೂ ಪಾಸಿಟಿವ್ ಇತ್ತು. ಅದು ಹೋಗುವವರೆಗೆ ಒಗ್ಗರಣೆ ಮುಟ್ಟುವುದಿಲ್ಲವೆಂದು ಹಟ ಹಿಡಿದರು.

"ಐಜಿಎಂ ಮದುವೆ ಸೀಸನ್ನಿನ ಅಡುಗೆಯಾಳಿದ್ದ ಹಾಗೆ, ಗಡಿಬಿಡಿಯಲ್ಲಿ ಬಂದು ಹೋಗುತ್ತದೆ. ಹಿಂದಿನಿಂದ ಬರುವ ಐಜಿಜಿ ಉಳಿದುಕೊಳ್ಳುತ್ತದೆ. ಅದು ರೋಗವಲ್ಲ, ರೋಗದ ನೆನಪು" ಎಂದೆ.

"ಅಂದ್ರೆ ಪರ್ಮನೆಂಟಾ?"

"ಹಾಗೇ ಅನ್ನಿ."

"ಹಾಗಾದ್ರೆ ತೆಗೆಯುವ ಮಾತೇ ಬೇಡ ಮಾರಾಯ್ರೆ. ಯೂನಿಯನ್ನಿನವರು ಬಾಗಿಲಿಗೆ ಬರ್ತಾರೆ!"

೩. ಹಳೆಯ ಕಾವಲು

ಮೂರನೆಯ ಪಾಸಿಟಿವ್‌ಗೆ ಮೊದಮೊದಲು ಯಾರಿಗೂ ನಗು ಬರಲಿಲ್ಲ. ಭಟ್ಟರ ಸೊಸೆ ಚೊಚ್ಚಲ ಬಸುರಿ. ಪಕ್ಕದ ಮನೆಯ ಮಗುವಿಗೆ ರುಬೆಲ್ಲಾ ಬಂತು. ಮಕ್ಕಳಿಗೆ ಮೈಮೇಲೆ ನಾಲ್ಕು ದದ್ದು ಎಬ್ಬಿಸಿ ಹೋಗುವ ಈ ಜ್ವರ ಬಸುರಿಗೆ ಹೊಸದಾಗಿ ತಗಲಿದರೆ ಹೊಟ್ಟೆಯ ಕೂಸಿನ ಕಣ್ಣು, ಕಿವಿ, ಹೃದಯಕ್ಕೇ ಕುತ್ತು. ಸೊಸೆಯ ರಕ್ತವನ್ನು ನಾನೇ ಪರೀಕ್ಷೆ ಮಾಡಿದೆ.

ಕೌಂಟರಿನಲ್ಲಿ ರಿಪೋರ್ಟ್ ತೆಗೆದುಕೊಂಡವರೇ, ಪಾಸಿಟಿವ್ ಎಂಬುದನ್ನು ಕಂಡು ಅಳುತ್ತಾ ಭಟ್ಟರು, ಹೆಂಡತಿ, ಸೊಸೆ ಮೂವರೂ ಒಳಗೆ ನುಗ್ಗಿದರು. "ತವರಿಂದ ಒಂದು ಚಮಚವೂ ತಾರದವಳು" ಎಂದು ಸೊಸೆಯನ್ನು ನನ್ನೆದುರೇ ಎಷ್ಟೋ ಸಲ ಚುಚ್ಚಿದ್ದ ಭಟ್ಟರ ಹೆಂಡತಿ, ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಅಳಬೇಡಿ. ಐಜಿಎಂ ಇಲ್ಲ, ಇರುವುದು ಐಜಿಜಿ ಮಾತ್ರ. ಇವಳು ಚಿಕ್ಕವಳಿದ್ದಾಗಲೇ ಊರಲ್ಲಿ ಈ ಜ್ವರ ಬಂದು ಹೋಗಿರಬೇಕು. ಈಗ ಅದೇ ಇವಳಿಗೆ ಕಾವಲು. ತಾಯಿಯಿಂದ ಮಗುವಿಗೂ ದಾಟಿ, ಹುಟ್ಟಿದ ಮೇಲೂ ಕೆಲವು ತಿಂಗಳು ಕಾಯುತ್ತದೆ" ಎಂದೆ.

ಭಟ್ಟರು ಕಣ್ಣೊರೆಸಿಕೊಂಡರು. ಸೊಸೆ ಮೆಲ್ಲಗೆ ಅಂದಳು:

"ಅತ್ತೇ, ಇದೊಂದು ಮಾತ್ರ ನಾನು ತವರಿಂದ ತಂದದ್ದೇ. ನಿಮ್ಮ ಮೊಮ್ಮಗುವಿಗೂ ಪಾಲು ಉಂಟಂತೆ."