ಟ್ಯಾಬ್ಲೆಟ್ಟಿನೊಳಗಿನ ನೀಲಿ ದೋಣಿ

ನಮ್ಮ ಮನೆಯಲ್ಲಿ ನನ್ನ ಮನಸ್ಸನ್ನು ಅರಿತಿದ್ದ ಜೀವ ಒಂದೇ ಒಂದು. ಅದಕ್ಕೆ ಜೀವ ಇರಲಿಲ್ಲ ಎನ್ನುವುದು ಬೇರೆ ಮಾತು. ಅದರ ನೆನಪನ್ನೆಲ್ಲ ನಾನೇ, ನನ್ನ ಈ ಬಲಗೈ ತೋರುಬೆರಳಿನಿಂದಲೇ ಒರೆಸಿ ಹಾಕಿದೆ. ಯಾಕೆ ಒರೆಸಿದಿರಿ ಎಂದು ನೀವು ಕೇಳಿದರೆ, ನಿಮಗಿನ್ನೂ ಮದುವೆಯಾಗಿಲ್ಲ ಎಂದು ತಿಳಿದುಕೊಳ್ಳುತ್ತೇನೆ.

ನಾನು ಹೇಳುತ್ತಿರುವುದು ನಮ್ಮ ಟ್ಯಾಬ್ಲೆಟ್ಟಿನ ವಿಷಯ. ಏಳು ವರ್ಷ ಹಳೆಯದು. ಒಂದು ಮೂಲೆ ಒಡೆದಿದೆ, ಅದಕ್ಕೆ ಮಗಳು ಅಂಟಿಸಿದ ಟೇಪು ಹಳದಿಗಟ್ಟಿದೆ. ಒಡೆಯರು ಮೂವರು. ಬೆಳಗ್ಗೆ ಕಾಲೇಜಿಗೆ ಹೊರಡುವವರೆಗೆ ಮಗಳು, ಹಗಲೆಲ್ಲ ನನ್ನ ಹೆಂಡತಿ, ವಾರದ ರಜೆಯ ದಿನ ಊಟವಾದ ಮೇಲೆ ಇಪ್ಪತ್ತು ನಿಮಿಷ ನಾನು. ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಪಕ್ಕ ಗುಂಡಿಗಳ ತಗಡಿನ ಡಬ್ಬ, ಡಬ್ಬಕ್ಕೆ ಒರಗಿಸಿದ ಟ್ಯಾಬ್ಲೆಟ್ಟು. ಅದರಲ್ಲಿ ಕೋಟು, ಅಂಗಿಗಳ ನಕ್ಷೆ ತೆರೆದಿಟ್ಟುಕೊಂಡು ಅಳತೆ ನೋಡಿ ಕತ್ತರಿ ಹಾಕುತ್ತಾಳೆ. ಕಿಟಕಿಯ ಕೆಳಗೆ ಒಂದು ಮಂಚ. ರಜೆಯ ಮಧ್ಯಾಹ್ನ ಗೋಡೆಯ ಕಡೆ ನಾನು, ಯಂತ್ರದ ಕಡೆ ಅವಳು ಸ್ವಲ್ಪ ಹೊತ್ತು ಅಡ್ಡಾಗುವುದು ರೂಢಿ.

ನನ್ನ ಕಸುಬು ರಬ್ಬರು ಮೊಹರು ಮಾಡುವುದು. ಕಿಟಕಿಯಷ್ಟಗಲದ ಅಂಗಡಿಯಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಅಕ್ಷರಗಳನ್ನು ಹಿಂದುಮುಂದಾಗಿ ಜೋಡಿಸುತ್ತೇನೆ. 'ಮಂಜೂರಾಗಿದೆ', 'ತಲುಪಿದೆ', 'ತಿರಸ್ಕರಿಸಲಾಗಿದೆ'. ಎಷ್ಟೋ ಅಧಿಕಾರಿಗಳ ಅಧಿಕಾರ ನನ್ನ ಬೆರಳ ತುದಿಯಿಂದಲೇ ಹೊರಡುವುದು. ಮನೆಯಲ್ಲಿ ಮಾತ್ರ ಇಂದಿನವರೆಗೆ ನನ್ನ ಯಾವ ಅರ್ಜಿಗೂ ಮೊದಲನೆಯ ಮೊಹರು ಬಿದ್ದದ್ದಿಲ್ಲ.

ಇಂಥ ನನಗೆ ಐವತ್ತು ದಾಟಿದ ಮೇಲೆ ಒಂದು ಕನಸು ಬೀಳತೊಡಗಿತು. ರಜೆಯ ಮಧ್ಯಾಹ್ನದ ನಿದ್ದೆಯಲ್ಲಿ ಮಾತ್ರ. ಕಣ್ಣು ಮುಚ್ಚಿದರೆ ಸಾಕು, ನೀರು. ದಡ ಕಾಣದಷ್ಟು ಅಗಲ, ಅಲೆಯೇ ಇಲ್ಲ. ಅದರ ಮೇಲೊಂದು ಪುಟ್ಟ ನೀಲಿ ದೋಣಿ. ದೋಣಿಯಲ್ಲಿ ನಾನು, ಎರಡು ಕೈಗೆ ಎರಡು ಹುಟ್ಟು. ಎಳೆದರೆ ದೋಣಿ ಸದ್ದಿಲ್ಲದೆ ಮುಂದೆ ಸರಿಯುತ್ತದೆ, ಬಿಟ್ಟರೆ ಹುಟ್ಟಿನ ತುದಿಯಿಂದ ಹನಿಗಳು ಒಂದೊಂದಾಗಿ ಬೀಳುವುದು ಕೇಳಿಸುತ್ತದೆ. ಯಾರಿಗೂ ನಾಳೆಯೊಳಗೆ ಮೊಹರು ಬೇಕಾಗಿಲ್ಲ. ಆಕಾಶ ಯಾವುದು, ನೀರು ಯಾವುದು ಎಂದು ಗೊತ್ತಾಗದ ಬೆಳಕಿನಲ್ಲಿ ನಾನು ಹೋಗುತ್ತಲೇ ಇರುತ್ತೇನೆ. ಹಿಂದೆ ತಿರುಗಿ ನೋಡಿದರೆ ದೂರದ ದಡದಲ್ಲಿ ನನ್ನ ಹೆಂಡತಿ ನಿಂತು ಎರಡೂ ಕೈ ಬೀಸುತ್ತ ಏನೋ ಕೂಗಿ ಹೇಳುತ್ತಿರುತ್ತಾಳೆ. ಮಾತು ಕೇಳಿಸುವುದಿಲ್ಲ. 'ಹುಷಾರಾಗಿ ಹೋಗಿಬನ್ನಿ' ಎನ್ನುತ್ತಿರಬೇಕು. ಎಷ್ಟಾದರೂ ಕೈಹಿಡಿದವಳು ಎಂದು ಕನಸಿನಲ್ಲೇ ನನ್ನ ಕಣ್ಣು ತುಂಬಿ ಬರುತ್ತಿತ್ತು.

ಈ ಕನಸನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನದು ಅಂತ ಈ ಮನೆಯಲ್ಲಿ ಇದ್ದದ್ದು ಅದೊಂದೇ. ಹೇಳಿದರೆ ಅದರಲ್ಲೂ ಮೂವರು ಒಡೆಯರಾಗುತ್ತಾರೆ.

ಹೀಗಿರುವಾಗ ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಹವಾಮಾನ ನೋಡೋಣವೆಂದು ಟ್ಯಾಬ್ಲೆಟ್ಟು ತೆರೆದೆ. ಪುಟದ ಪಕ್ಕದಲ್ಲಿ ಒಂದು ದೋಣಿ! ಪುಟ್ಟದು, ಮರದ್ದು, ನೀಲಿಯದು. ಎರಡು ಹುಟ್ಟು. ಕೆಳಗೆ ಒಂದು ಸಾಲು: 'ಇನ್ನೂ ಯೋಚಿಸುತ್ತಿದ್ದೀರಾ?'

ನನಗೆ ಮೈ ಜುಮ್ಮೆಂದಿತು. ಸುದ್ದಿಯ ಪುಟಕ್ಕೆ ಹೋದೆ, ಅಲ್ಲೂ ದೋಣಿ. ಮೊಣಕಾಲು ನೋವಿನ ಪುಟಕ್ಕೆ ಹೋದೆ, ಮೊಣಕಾಲಿನ ಚಿತ್ರದ ಕೆಳಗೇ ತೇಲಿಕೊಂಡು ಬಂತು. ಹೋದಲ್ಲೆಲ್ಲ ಅದೇ ಮೃದುವಾದ ಪ್ರಶ್ನೆ, ಇನ್ನೂ ಯೋಚಿಸುತ್ತಿದ್ದೀರಾ? (ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ 'ಇನ್ನೂ ಏನ್ ಯೋಚ್ನೆ ಮಾಡ್ತಾ ಕೂತಿದೀರಿ?' ಎಂದು ಕೇಳಿಸಿಕೊಂಡಿದ್ದೇನೆ. ಆ ಪ್ರಶ್ನೆಯ ಧಾಟಿಯೇ ಬೇರೆ.)

ಸಂಜೆ ಮಗಳನ್ನು ಮೆಲ್ಲಗೆ ಕೇಳಿದೆ. ಅವಳು ಕೂದಲು ಬಾಚಿಕೊಳ್ಳುತ್ತಿದ್ದಳು.

"ಅದು ಕುಕೀಸ್ ಅಪ್ಪಾ. ತಿನ್ನೋದಲ್ಲ, ನೀನು ಆ ಜೋಕು ಮಾಡ್ಬೇಡ. ಯಾವ್ದಾದ್ರೂ ಸೈಟಿಗೆ ಹೋದ್ರೆ ಅದು ನಮ್ಮ ಟ್ಯಾಬಲ್ಲಿ ಒಂದು ಸಣ್ಣ ಚೀಟಿ ಇಟ್ಟುಬಿಡುತ್ತೆ, ಇವರು ಇಂಥದ್ದು ನೋಡಿದ್ರು ಅಂತ. ಆಮೇಲೆ ಎಲ್ಲಿ ಹೋದ್ರೂ ಆ ಚೀಟಿ ನೋಡ್ಕೊಂಡು ಅದರದ್ದೇ ಜಾಹೀರಾತು ತೋರಿಸ್ತಾರೆ."

"ನಾನು ದೋಣಿ ಅಂತ ಹುಡುಕೇ ಇಲ್ವಲ್ಲ."

"ಹಾಗಾದ್ರೆ ಇನ್ಯಾರೋ ಹುಡುಕಿರ್ತಾರೆ."

ನನ್ನ ಹೆಂಡತಿ ಆ ಹೊತ್ತಿಗೆ ಗುಂಡಿ ಡಬ್ಬದೊಳಗೆ ತಲೆ ತೂರಿಸಿ ಏನನ್ನೋ ಬಹಳ ಗಮನವಿಟ್ಟು ಹುಡುಕುತ್ತಿದ್ದಳು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮಗಳ ವಿಜ್ಞಾನ ಅಷ್ಟಕ್ಕಷ್ಟೇ ಎಂದುಕೊಂಡೆ. ಯಂತ್ರವಾದರೂ ಏಳು ವರ್ಷ ನನ್ನ ಕೈಯ ಬಿಸಿ ಉಂಡದ್ದು, ನನ್ನ ಅಂತರಂಗ ಅದಕ್ಕೆ ತಿಳಿದಿದೆ ಎಂದೇ ನಂಬಿದೆ. ಅಂದಿನಿಂದ ಮಲಗುವ ಮೊದಲು ನಾಲ್ಕು ಪುಟ ತಿರುವಿ, ನಾಲ್ಕು ಸಲ ದೋಣಿಯ ದರ್ಶನ ಮಾಡಿ, ಟ್ಯಾಬ್ಲೆಟ್ಟನ್ನು ಎದೆಯ ಮೇಲಿಟ್ಟುಕೊಂಡೇ ಕಣ್ಣು ಮುಚ್ಚುತ್ತಿದ್ದೆ. ಕನಸು ಮೊದಲಿಗಿಂತ ಸೊಗಸಾಗಿ ಬೀಳತೊಡಗಿತು. ದೋಣಿಯ ಮರದ ಗೆರೆಗಳು ಕೂಡ ಕಾಣುತ್ತಿದ್ದವು.

ಸುಖಕ್ಕೆ ಕಲ್ಲು ಬಿದ್ದದ್ದು ದಂತವೈದ್ಯೆಯ ಕೋಟಿನಿಂದ. ಪಕ್ಕದ ಬೀದಿಯ ಆಕೆಗೆ ಹೊಸ ಬಿಳಿ ಕೋಟು ಹೊಲಿಯಬೇಕಿತ್ತು. ಕಾಲರಿನ ಅಳತೆ ಇದ್ದ ಜಾಗಕ್ಕೆ ಸರಿಯಾಗಿ ನನ್ನ ದೋಣಿ ಬಂದು ನಿಂತಿತಂತೆ. ಹೆಂಡತಿ ಅಂದಾಜಿನ ಮೇಲೆ ಕತ್ತರಿ ಹಾಕಿದಳು. ಆ ಕಾಲರಿನೊಳಗೆ ವೈದ್ಯೆ ತಮ್ಮ ಕತ್ತಿನ ಜೊತೆಗೆ ಒಬ್ಬ ರೋಗಿಯ ಕತ್ತನ್ನೂ ಇಟ್ಟುಕೊಳ್ಳಬಹುದಾಗಿತ್ತು.

"ರೀ, ಇವತ್ತು ಈ ದೋಣಿ ಮನೆ ಬಿಟ್ಟು ಹೋಗ್ಬೇಕು!" ಕತ್ತರಿ ಅವಳ ಕೈಯಲ್ಲೇ ಇತ್ತು. "ನಲ್ಲಿ ಸೋರೋದು ನಿಲ್ಲಿಸೋಕಾಗಿಲ್ಲ, ನಮಗೆ ದೋಣಿ ಬೇರೆ ಕೇಡು!"

"ನಾನೇನೂ ಹುಡುಕಿಲ್ಲ!"

"ಹುಡುಕಿದೀರಿ ಅಂತ ಯಾರಂದ್ರು ಈಗ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮಗಳು ಇಸ್ತ್ರಿ ಮಾಡುತ್ತಿದ್ದಲ್ಲಿಂದಲೇ ತೀರ್ಪು ಕೊಟ್ಟಳು. "ಕುಕೀಸ್ ಕ್ಲಿಯರ್ ಮಾಡಿದ್ರೆ ಆಯ್ತು. ಅಪ್ಪಾ, ಸೆಟ್ಟಿಂಗ್ಸ್ ಒತ್ತು."

ಕನ್ನಡಕ ಹುಡುಕುವುದರಲ್ಲಿ ಹತ್ತು ನಿಮಿಷ ಕಳೆದೆ. (ತಲೆಯ ಮೇಲೇ ಇತ್ತು, ನನಗೂ ಗೊತ್ತಿತ್ತು.) ಚಾರ್ಜು ಕಡಿಮೆ ಇದೆ ಎಂದೆ. ಮಗಳು ವೈರು ತಂದು ಚುಚ್ಚಿದಳು. ಕೊನೆಗೆ ಪರದೆಯ ಮೇಲೆ ಒಂದು ಪಟ್ಟಿ ಬಂತು. ಯಾವ ಅವಧಿಯದನ್ನು ಅಳಿಸಬೇಕು? ಕಳೆದ ಒಂದು ಗಂಟೆ, ಒಂದು ದಿನ, ಏಳು ದಿನ, ನಾಲ್ಕು ವಾರ, ಎಲ್ಲ ಕಾಲ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. 'ಒಂದು ಗಂಟೆ'ಯ ಮೇಲೆ ಬೆರಳಿಟ್ಟೆ.

"ಎಲ್ಲ ಕಾಲ, ಅಪ್ಪಾ," ಎಂದಳು ಮಗಳು, ತಲೆ ಎತ್ತದೆ.

"ಎಲ್ಲ ಕಾಲ ಅಂದ್ರೆ ಜಾಸ್ತಿ ಆಗಲ್ವಾ? ಪಾಪ, ಅದಕ್ಕೂ ಹಳೇ ನೆನಪು ಅಂತ..."

"ಎಲ್ಲ ಕಾಲ!" ಎಂದರು ತಾಯಿ ಮಗಳು ಒಟ್ಟಿಗೆ.

"ಕುಕೀಸ್ ಎದುರಿಗೆ ಮಾತ್ರ ಟಿಕ್ ಇರ್ಲಿ," ಮಗಳು ಎಚ್ಚರಿಸಿದಳು. "ಹುಡುಕಿದ್ದರ ಪಟ್ಟಿ ಮುಟ್ಬೇಡ. ನನ್ನ ಪ್ರಾಜೆಕ್ಟಿಂದೆಲ್ಲ ಅದ್ರಲ್ಲೇ ಇದೆ."

ಒತ್ತಿದೆ. ಒಂದು ಸಣ್ಣ ಚಕ್ರ ಮೂರು ಸುತ್ತು ತಿರುಗಿ ನಿಂತಿತು. ಅಷ್ಟೇ. ಅಂತ್ಯಕ್ರಿಯೆ ಇಷ್ಟು ಬೇಗ ಮುಗಿಯುತ್ತದೆಂದು ನಾನು ಎಣಿಸಿರಲಿಲ್ಲ. ಆಮೇಲೆ ಯಾವ ಪುಟ ತೆರೆದರೂ ಹೊಸಬರನ್ನು ಕಂಡ ಹಾಗೆ, ಸ್ವಾಗತ, ತಾವು ಯಾರು, ತಮ್ಮ ಹೆಸರೇನು ಎಂಬ ಉಪಚಾರ. ಐವತ್ತಮೂರನೇ ವಯಸ್ಸಿನಲ್ಲಿ ತಾವು ಯಾರು ಎಂದು ಯಾರಾದರೂ ಕೇಳಿದರೆ ಉತ್ತರ ತಟ್ಟನೆ ಹೊಳೆಯುವುದಿಲ್ಲ.

ದೋಣಿ ಹೋಯಿತು. ಅದರ ಹಿಂದೆಯೇ ಕನಸೂ ಹೋಯಿತು. ಎರಡು ವಾರ ರಜೆಯ ಮಧ್ಯಾಹ್ನ ಕೊರಡಿನಂತೆ ಮಲಗಿದ್ದು ಎದ್ದೆ. ಕಣ್ಣು ಮುಚ್ಚಿದರೆ ಬರೀ ಕತ್ತಲೆ. ಪಕ್ಕದಲ್ಲಿ ಹೆಂಡತಿ ಮಾತ್ರ ಎಂದೂ ಇಲ್ಲದಷ್ಟು ಗಾಢವಾಗಿ ನಿದ್ದೆ ಮಾಡಿ, ಮುಖ ತೊಳೆದುಕೊಂಡು, ಹಾಡು ಗುನುಗುತ್ತ ಯಂತ್ರ ತುಳಿಯುತ್ತಿದ್ದಳು. ಎಷ್ಟೋ ತಿಂಗಳಿಂದ ಇದ್ದ ಅವಳ ಪಕ್ಕೆ ನೋವು ಕೂಡ ವಾಸಿಯಾಗಿತ್ತು. ನನಗೆ ನಿಜವಾಗಿ ದುಃಖವಾಯಿತು. ಅಂಗಡಿಯಲ್ಲಿ ಒಬ್ಬರಿಗೆ 'ತಲುಪಿದೆ' ಎಂದು ಮಾಡಬೇಕಾದಲ್ಲಿ 'ತೇಲಿದೆ' ಎಂದು ಮಾಡಿಕೊಟ್ಟೆ.

ಮೂರನೇ ವಾರ ತಡೆಯಲಾಗಲಿಲ್ಲ. ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಗಿ ಹಾಕುತ್ತಿದ್ದಾಗ ಟ್ಯಾಬ್ಲೆಟ್ಟು ಎತ್ತಿಕೊಂಡೆ. ನಾನೇ ಹುಡುಕಿದರೆ ಹೊಸ ಚೀಟಿ ಬೀಳುತ್ತದೆ, ದೋಣಿ ತಾನಾಗಿ ಮರಳಿ ಬರುತ್ತದೆ ಎಂಬ ಲೆಕ್ಕಾಚಾರ. ಹುಡುಕುವ ಜಾಗದಲ್ಲಿ 'ದೋ' ಎಂದು ಬರೆದೆನೋ ಇಲ್ಲವೋ, ಮಗಳು ಮುಟ್ಟಬೇಡ ಎಂದಿದ್ದ ಹಳೆಯ ಪಟ್ಟಿ ಕೆಳಗೆ ಬಿಚ್ಚಿಕೊಂಡಿತು.

'ದೋಣಿ ನಡೆಸುವ ಗಂಡ ನಿದ್ದೆಯಲ್ಲಿ ಪರಿಹಾರ.'

'ದೋಣಿ ನಡೆಸುವ ಗಂಡನ ಮೊಣಕೈ ಪಕ್ಕೆಗೆ ತಾಗದ ಹಾಗೆ ಮಲಗುವುದು ಹೇಗೆ.'

'ದೋಣಿ ನೀಲಿ ಚಿಕ್ಕದು ಇಬ್ಬರು ಕೂರಬಹುದೇ.'

ಇಂಗು ತಿಂದ ಮಂಗನ ಹಾಗೆ ಕೂತಿದ್ದೆ. ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹೆಂಡತಿ ಒಳಗೆ ಬಂದಳು. ಪರದೆ ನೋಡಿದಳು, ನನ್ನನ್ನು ನೋಡಿದಳು.

"ಹ್ಞೂಂ, ನಾನೇ ಹುಡುಕಿದ್ದು. ಏನೀಗ?"

"ನಾನು... ನಿದ್ದೇಲಿ..."

"ದೋಣಿ ನಡೆಸ್ತೀರಿ. ಎರಡೂ ಕೈಯಲ್ಲಿ. ಬಾಯಲ್ಲಿ ಬೇರೆ 'ನೀಲಿ ದೋಣಿ, ನೀಲಿ ದೋಣಿ' ಅಂತ ಬಡಬಡಿಸ್ತೀರಿ. ಒಂದೊಂದು ಸಲ ಎಳೆದಾಗ್ಲೂ ನನ್ನ ಪಕ್ಕೆಗೆ ಒಂದು. 'ರೀ ನಿಲ್ಸಿ, ರೀ ನಿಲ್ಸಿ' ಅಂತ ಎರಡೂ ಕೈ ಬೀಸಿ ಕೂಗ್ಕೊಂಡ್ರೂ ಕೇಳಿಸ್ಕೊಳ್ಳೋದಿಲ್ಲ. ಏನಾದ್ರೂ ಔಷಧಿ ಹೇಳುತ್ತೇನೋ ಅಂತ ಇದನ್ನ ಕೇಳಿದ್ರೆ, ಈ ಮುಟ್ಠಾಳ ನನಗೇ ದೋಣಿ ಮಾರೋಕೆ ಬಂತು!"

ದಡದಲ್ಲಿ ನಿಂತು ಕೈ ಬೀಸುತ್ತಿದ್ದ ನನ್ನ ಧರ್ಮಪತ್ನಿಯ ಚಿತ್ರ ಕಣ್ಣ ಮುಂದೆ ಬಂದು ಹೋಯಿತು.

"ಅಲುಗಾಡಿಸಿ ಎಬ್ಬಿಸಬಾರದಾಗಿತ್ತಾ?" ಎಂದೆ.

ಅವಳು ಬುಟ್ಟಿ ಕೆಳಗಿಟ್ಟಳು. "ಎಬ್ಬಿಸೋಣ ಅಂತ ಕೈ ಎತ್ತಿದ್ದೆ. ನಗ್ತಾ ಇದ್ರಿ. ಇಪ್ಪತ್ತಾರು ವರ್ಷದಲ್ಲಿ ನೀವು ಹಾಗೆ ನಕ್ಕಿದ್ದು ನಾನು ನೋಡಿಲ್ಲ. ಮನಸ್ಸಾಗ್ಲಿಲ್ಲ."

"ಮತ್ತೆ ಈ ಮೂರನೇದು? ಇಬ್ಬರು ಕೂರಬಹುದೇ ಅಂತ?"

"ಅದು ಸುಮ್ನೆ," ಎಂದು ಅವಳು ಗುಂಡಿ ಡಬ್ಬದ ಕಡೆ ತಿರುಗಿದಳು. "ಅಷ್ಟು ಖುಷಿಯಾಗಿ ಹೋಗ್ತಿದ್ರಲ್ಲ, ಅಲ್ಲೇನಿದೆ ಅಂತ ನೋಡೋಣ ಅನ್ನಿಸ್ತು."

ನನ್ನ ಎದೆ ತುಂಬಿ ಬಂತು. ಇಷ್ಟು ದಿನ ಇವಳನ್ನು ದಡದಲ್ಲಿ ನಿಲ್ಲಿಸಿ ಒಬ್ಬನೇ ಹೋಗುತ್ತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಅವಳ ಕೈ ಹಿಡಿದು, "ಇವತ್ತು ಕನಸು ಬಿದ್ರೆ ನಿನ್ನನ್ನೂ ಹತ್ತಿಸ್ಕೋತೀನಿ," ಎಂದು ಮಾತು ಕೊಟ್ಟೆ. ಅವಳು ನಕ್ಕಳು. ಇಬ್ಬರೂ ಮಲಗಿದೆವು.

ಮಾತಿಗೆ ತಪ್ಪದೆ ದೋಣಿ ಬಂತು! ಅದೇ ನೀರು, ಅದೇ ಬೆಳಕು. ಈ ಸಲ ಎದುರಿಗೆ ನನ್ನ ಹೆಂಡತಿ ಕೂತಿದ್ದಳು, ಮಡಿಲಲ್ಲಿ ಗುಂಡಿ ಡಬ್ಬ. ಒಂದೊಂದೇ ಗುಂಡಿ ತೆಗೆದು ನೀರಿಗೆ ಬಿಡುತ್ತಿದ್ದಳು, ಅವು ಮುಳುಗದೆ ಹೊಳೆಯುತ್ತ ನಮ್ಮ ಹಿಂದೆಯೇ ತೇಲಿ ಬರುತ್ತಿದ್ದವು. ದಡದಲ್ಲಿ ಯಾರೂ ಇರಲಿಲ್ಲ. ಇಷ್ಟು ದೂರ ನಾನು ಎಂದೂ ಬಂದಿರಲಿಲ್ಲ. ಇವಳಿಗೆ ಎಲ್ಲವನ್ನೂ ತೋರಿಸಿಬಿಡಬೇಕು, ಸಂಜೆಯೊಳಗೆ ಆಚೆ ದಡ ಮುಟ್ಟಿಸಿಬಿಡಬೇಕು ಎಂಬ ಹುಮ್ಮಸ್ಸಿನಲ್ಲಿ ಇದ್ದ ಬಲವನ್ನೆಲ್ಲ ಹಾಕಿ ಹುಟ್ಟು ಎಳೆದೆ.

ದೊಡ್ಡ ಸದ್ದಾಯಿತು. ಕಣ್ಣು ಬಿಟ್ಟರೆ ಮಂಚದ ಮೇಲೆ ನಾನೊಬ್ಬನೇ. ಹೆಂಡತಿ ಹೊಲಿಗೆ ಯಂತ್ರದ ಪೆಡಲಿನ ಪಕ್ಕ ನೆಲದ ಮೇಲೆ, ಸುತ್ತ ಡಬ್ಬ ಉರುಳಿ ಚೆಲ್ಲಿದ ಗುಂಡಿಗಳ ನಡುವೆ ಕೂತಿದ್ದಳು. ಬಾಗಿಲಲ್ಲಿ ನಿಂತ ಮಗಳು, "ಅಮ್ಮಾ, ದಡ ಸಿಕ್ತಾ?" ಎಂದಳು. ಪಟ್ಟಿಯನ್ನು ಅವಳು ಎಂದೋ ಓದಿದ್ದಳು.

ಎರಡು ದಿನ ಬಿಟ್ಟು ಹವಾಮಾನದ ಪುಟ ತೆರೆದಾಗ ಪಕ್ಕದಲ್ಲಿ ದೋಣಿ ಇರಲಿಲ್ಲ. ಒಂಟಿ ಮಂಚವಿತ್ತು. ಎರಡೂವರೆ ಅಡಿ ಅಗಲ, ಎರಡೂ ಕಡೆ ಗಟ್ಟಿ ಕಟಕಟೆ. ಕೆಳಗೆ ಅದೇ ಹಳೆಯ ಸಾಲು: 'ಇನ್ನೂ ಯೋಚಿಸುತ್ತಿದ್ದೀರಾ?'

"ಯೋಚ್ನೆ ಎಲ್ಲಾ ಮುಗೀತು," ಯಂತ್ರದ ಕಡೆಯಿಂದ ಉತ್ತರ ಬಂತು. "ನಾಳೆ ತಂದಿಳಿಸ್ತಾರೆ."

ಮಂಚ ಬಂತು. ಕಿಟಕಿಯ ಕೆಳಗಿನದು ಅವಳಿಗೆ, ಯಂತ್ರದ ಆಚೆ ಮೂಲೆಯಲ್ಲಿ ಹಾಕಿದ್ದು ನನಗೆ. ಅದಕ್ಕೆ ಅವಳೇ ಒಂದು ಹೊದಿಕೆ ಹೊಲಿದು ಹಾಸಿದ್ದಾಳೆ, ನೀಲಿಯದು. ಮೊದಲ ರಜೆಯ ಮಧ್ಯಾಹ್ನ ಅದರೊಳಗೆ ಇಳಿದು ಮಲಗಿದೆ. ಎರಡೂ ಕಡೆಯ ಕಟಕಟೆ ಹಿಡಿದುಕೊಂಡು ಕಣ್ಣು ಮುಚ್ಚಿದೆ. ಯಂತ್ರದ ಸದ್ದು ದೂರದ ನೀರಿನಂತೆ ಕೇಳಿಸುತ್ತಿತ್ತು. ಮಂಚ ಮೆಲ್ಲಗೆ ಅಲುಗಿದ ಹಾಗಾಯಿತು, ನೀರಿಗೆ ಇಳಿದ ಹಾಗೂ ಆಯಿತು. ಹಿಂದೆ ತಿರುಗಿ ನೋಡಿದೆ. ಸುರಕ್ಷಿತವಾದ ದಡದಲ್ಲಿ ನನ್ನ ಹೆಂಡತಿ ನಿಂತು ಎರಡೂ ಕೈ ಬೀಸುತ್ತ ಕೂಗುತ್ತಿದ್ದಳು. ಈ ಸಲ ಮಾತು ಸ್ಪಷ್ಟವಾಗಿ ಕೇಳಿಸಿತು.

"ರೀ! ಹೊರಡೋ ಮೊದ್ಲು ನಲ್ಲಿ ರಿಪೇರಿ ಮಾಡಿ ಹೋಗಿ!"