ಹೊಳೆಯದ ಬಣ್ಣಕ್ಕೆ ರಿಯಾಯಿತಿ

ಹೇಳಿದ ಬೆಲೆಗೇ ಏನನ್ನಾದರೂ ಕೊಂಡರೆ ಅಂದು ನನಗೆ ಊಟ ಸೇರುವುದಿಲ್ಲ. ಇದು ನನ್ನ ಜಾಯಮಾನ. ರಾಯಚೂರಿನ ಪೇಟೆಯಲ್ಲಿ ನಾನು ಕಣ್ಣಿಗೆ ಬಿದ್ದರೆ ಕೆಲವು ಅಂಗಡಿಯವರು ಫೋನು ಕಿವಿಗಿಟ್ಟುಕೊಂಡು ಹಿಂದಿನ ಕೋಣೆಗೆ ನಡೆಯುತ್ತಾರೆ. ಹರಾಜಿನಲ್ಲಿ ಬಂದ ಹಳೇ ಮಿಲಿಟರಿ ಜೀಪನ್ನೂ ಹೀಗೆಯೇ, ಮಾರುವವನು ಬೇಸತ್ತು ‘ಒಯ್ರಿ ಯಪ್ಪಾ, ಒಯ್ದುಬಿಡ್ರಿ’ ಎನ್ನುವವರೆಗೆ ಜಗ್ಗಾಡಿ ತಂದೆ. ತಂದದ್ದು ಮಾವನವರಿಗಾಗಿ. ಮಾನ್ವಿಯಲ್ಲಿರುವ ನಮ್ಮ ಮಾವ ಸೈನ್ಯದಲ್ಲಿ ಇಂಥದೇ ಜೀಪು ಓಡಿಸಿದವರು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಒಂದು ಕೆಲಸಕ್ಕೂ ‘ಭೇಷ್’ ಅಂದವರಲ್ಲ. ಜೀಪಿನ ಸುದ್ದಿ ಕೇಳಿ, ‘ಬಣ್ಣ ಹಚ್ಚಿ ಹೇಳ್ರಿ. ಸರಿ ಅನ್ನಿಸಿದ್ರ ಹತ್ತತೀನಿ, ಇಲ್ಲಂದ್ರ ಇಲ್ಲ’ ಅಂದರು.

ಬಣ್ಣದಂಗಡಿಯ ಮೌಲಾಸಾಬರು ಒಂದು ತಗಡಿನ ಚೂರಿನ ಮೇಲೆ ಮಿಲಿಟರಿ ಹಸಿರನ್ನು ಎಳೆದು ತೋರಿಸಿದರು. ಒಣಗಿದ ಮೇಲೆ ಅದರಲ್ಲಿ ಎಳ್ಳಷ್ಟೂ ಹೊಳಪಿಲ್ಲ. ‘ಹಳೇ ಮಾಲು ಇದು. ಹೊಳಪ ಇಲ್ಲ, ಕಮ್ಮಿ ಮಾಡ್ರಿ’ ಎಂದೆ.

‘ಸಾಹೇಬ್ರ, ಮಿಲಿಟ್ರಿ ಬಣ್ಣ ಹೊಳೀಬಾರದ್ರಿ. ಮೊದ್ಲ ಜಂಗ ಕೆರೀರಿ, ಪ್ರೈಮರ್ ಹಚ್ಚರಿ, ಆಮ್ಯಾಲ ಇದು’ ಎಂದರು ಸಾಬರು.

ಒಬ್ಬ ಗಿರಾಕಿಗೆ ಎರಡು ಡಬ್ಬಿ ಮಾರುವ ಉಪಾಯ ನನಗೆ ತಿಳಿಯದೆ? ಎರಡನ್ನೂ ಬಿಟ್ಟು, ಗೇಟಿಗೆ ಬಳಿಯುವ ಥಳಥಳ ಎನಾಮಲ್ ತಂದೆ. ಬೇಗ ಒಣಗಲೆಂದು ನಡುಮಧ್ಯಾಹ್ನ, ತಗಡು ಕಾದು ಹೆಂಚಾಗಿರುವಾಗ, ತುಕ್ಕಿನ ಮೇಲೆಯೇ ದಪ್ಪಗೆ ಹಚ್ಚಿದೆ. ಮರುವಾರ ಪೇಟೆಯ ತುಂಬ ಓಡಿಸಿಕೊಂಡು ಹೋಗಿ, ಕಂಡವರಿಗೆಲ್ಲ ಬಣ್ಣ ಕೊಳ್ಳುವುದು ಹೇಗೆಂದು ಉಪದೇಶವನ್ನೂ ಮಾಡಿ ಬಂದೆ.

ತಿಂಗಳು ಕಳೆದು ಮಾವ ಬಂದರು. ಬಾನೆಟ್ಟಿನ ಮೇಲೆದ್ದ ಗುಳ್ಳೆಯೊಂದನ್ನು ಉಗುರಿನಿಂದ ಮೀಟಿದರು. ಅಂಗೈಯಗಲದ ಹಸಿರು ಹಪ್ಪಳ ಕೈಗೆ ಬಂತು. ‘ಅಳಿಯಂದ್ರ, ಇಷ್ಟು ಹೊಳಿಯೋ ಗಾಡಿ ನಮ್ಮ ಕಡಿ ಇದ್ದಿದ್ರ ವೈರಿಗೆ ದುರ್ಬೀನೇ ಬೇಕಾಗ್ತಿರಲಿಲ್ಲ’ ಎಂದರು. ಜೀಪು ಹತ್ತಲಿಲ್ಲ, ಆದರೆ ಹಿಂದಿರುಗಿ ಹೋಗಲೂ ಇಲ್ಲ. ಅಂಗಿಯ ತೋಳು ಮಡಚಿ, ನನ್ನ ಕೈಗೂ ಒಂದು ಸ್ಯಾಂಡ್ ಪೇಪರ್ ಕೊಟ್ಟು, ಕೆರೆಯಲು ಕೂತರು. ಡ್ಯಾಶ್‌ಬೋರ್ಡಿನ ಕೆಳಗೆ ಸೈನ್ಯದ ಕಾಲದ ಮಂಕು ಹಸಿರು ಪದರವೊಂದು ಚಾಕುವಿಗೂ ಜಗ್ಗದೆ ಕೂತಿತ್ತು. ಮಾವ ಅದರ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ, ‘ಇದನ್ನ ಹಚ್ಚಿದಾವ ಚೌಕಾಸಿ ಮಾಡಿಲ್ಲ ನೋಡ್ರಿ’ ಎಂದರು.

ಮರುದಿನ ಪ್ರೈಮರ್ ಮತ್ತು ಆ ಹೊಳೆಯದ ಹಸಿರು, ಎರಡನ್ನೂ ಹೇಳಿದ ಬೆಲೆಗೇ ಕೊಂಡೆ. ಮೌಲಾಸಾಬರು ಗಾಬರಿಯಾಗಿ ‘ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರೀ?’ ಎಂದು ವಿಚಾರಿಸಿದರು. ನಿಮಗೂ ಒಂದು ಕಿವಿಮಾತು: ಕಾದ ತಗಡಿಗೆ ಬ್ರಷ್ ಮುಟ್ಟಿಸಬೇಡಿ. ಬೆಳಗಿನ ತಂಪಿನಲ್ಲಿ, ತೆಳ್ಳಗೆ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಹಾಗೆಯೇ ಹಚ್ಚಿದೆ. ಮಾವ ಮತ್ತೆ ಬಂದು ಉಗುರು ಹಾಕಿ ನೋಡಿದರು, ಬಣ್ಣ ಏಳಲಿಲ್ಲ. ಹತ್ತಿ ಕೂತು ಸ್ಟೇರಿಂಗ್ ಹಿಡಿದು, ಗೇರನ್ನೊಮ್ಮೆ ಆಡಿಸಿ ‘ಹ್ಞೂಂ’ ಎಂದರು.

ನನ್ನ ಚಾಳಿ ಬಿಡಬೇಕಲ್ಲ! ‘ಭೇಷ್ ಅಂದುಬಿಡ್ರಲಾ ಮಾವಾರ’ ಎಂದು ಜಗ್ಗಿ ನೋಡಿದೆ.

‘ಹ್ಞೂಂ ಅಂದೀನಲ್ಲ, ಅಷ್ಟೇ ರೇಟು. ಫಿಕ್ಸ್’ ಎಂದರು.

ಆ ಬೆಲೆಗೇ ಒಪ್ಪಿ ಪಕ್ಕದ ಸೀಟಿಗೆ ಹತ್ತಿದೆ. ಅಂದು ಊಟ ಮಾತ್ರ ಚೆನ್ನಾಗಿಯೇ ಸೇರಿತು.